ಬಿಳಿ ಅಂಗಿಯ ಮೇಲಿನ ಭಂಡಾರ

ಕಂಬಳಿ ಕಾಕಾ ಅಪ್ಪಿಕೊಂಡು ಬಿಟ್ಟರೆಂದರೆ ನನ್ನ ಅಂಗಿಯ ಎದೆಯ ಮೇಲೆ ಅಂಗೈ ಅಗಲದ ಹಳದಿ ಕಲೆ ಉಳಿಯುತ್ತಿತ್ತು. ಅವರ ಕೊರಳಲ್ಲಿ ಕುರಿಗಾರರ ದೇವರು ಬೀರೋಬಾನ ಭಂಡಾರದ ಪುಟ್ಟ ಚೀಲವೊಂದು ಸದಾ ತೂಗಾಡುತ್ತಿತ್ತು. ಸ್ವಲ್ಪ ಒತ್ತಿದರೂ ಸಾಕು, ಹೊಲಿಗೆಯ ಸಂದಿಯಿಂದ ಅರಿಸಿನದ ಪುಡಿ ಉದುರುತ್ತಿತ್ತು. ನಾನು ಶಾಲೆಗೆ ಹೊರಡುವ ಹೊತ್ತಿಗೇ ಅವರು ಬಂದರೆ ಅವ್ವ ಗೊಣಗುತ್ತಾ ಇನ್ನೊಂದು ಅಂಗಿ ಹುಡುಕಬೇಕಾಗುತ್ತಿತ್ತು.

"ಬಿಡವ್ವಾ, ಹುಡುಗಗ ಬರ್ಕತ್ ಬರತೈತಿ" ಎಂದು ಅವರು ನಗುತ್ತಿದ್ದರು.

ಅವರು ಅಕ್ಕಲಕೋಟದಾಚೆಯ ಕುರನೂರಿನ ಕುರಿಗಾರರು. ಸೊಲ್ಲಾಪುರದಲ್ಲಿ ನಮ್ಮದು ಚಾದರ, ಟವೆಲ್ಲುಗಳ ಅಂಗಡಿ. ಒಂದು ಮೂಲೆಯಲ್ಲಿ ಅವರ ಕಡೆಯ ಕರಿ ಕಂಬಳಿಗಳನ್ನೂ ಇಡುತ್ತಿದ್ದೆವು. ವರ್ಷಕ್ಕೆ ನಾಲ್ಕೈದು ಸಲ ಕಂಬಳಿಯ ಗಂಟು ಹೊತ್ತು ಬಸ್ಸಿಳಿದು ಬರುತ್ತಿದ್ದರು. ಗಂಟು ಕೆಳಗಿಟ್ಟು, ನೀರು ಕುಡಿಯುವ ಮೊದಲೇ ಅಂಗಡಿಯಲ್ಲಿದ್ದ ಗಂಡಸರನ್ನೆಲ್ಲ ಒಬ್ಬೊಬ್ಬರನ್ನಾಗಿ ತೆಕ್ಕೆಗೆ ಎಳೆದುಕೊಳ್ಳುತ್ತಿದ್ದರು. ಕುರಿಯ ವಾಸನೆ, ಬೀಡಿಯ ವಾಸನೆ, ಬಿಸಿಲಿನ ವಾಸನೆ ಎಲ್ಲ ಒಟ್ಟಿಗೆ ಬರುತ್ತಿತ್ತು. ಅವಸರದ ತೆಕ್ಕೆಯಲ್ಲ ಅದು. ಬೆನ್ನ ಮೇಲೆ ಕೈ ಇಟ್ಟು, ನಮ್ಮ ಉಸಿರು ನಿಧಾನವಾಗುವ ತನಕ ಹಾಗೇ ನಿಲ್ಲುತ್ತಿದ್ದರು.

ಇತ್ತ ನಮ್ಮ ಮನೆಯವರು ಒಬ್ಬರನ್ನೊಬ್ಬರು ಮುಟ್ಟುತ್ತಿದ್ದುದು ಎರಡೇ ಕಾರಣಕ್ಕೆ, ಜ್ವರ ಬಂತೇ ಎಂದು ಹಣೆ ನೋಡಲು ಮತ್ತು ಹಬ್ಬದಲ್ಲಿ ಕಾಲಿಗೆ ಬೀಳಲು. ಅಪ್ಪನಂತೂ ಗಾದಿಯ ಮೇಲೆ ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು ಕೂತರೆ ಗೋಡೆಗೆ ಹಾಕಿದ ಫೋಟೋದ ಹಾಗೆ. ಕಾಕಾ ಎರಡು ಹೆಜ್ಜೆ ಹತ್ತಿರ ಬಂದರೆ ಸಾಕು, ದೂರದಿಂದಲೇ ಕೈ ಮುಗಿದು "ಇರಲಿ, ಇರಲಿ" ಎನ್ನುತ್ತಿದ್ದರು.

"ಜಾತ್ರ್ಯಾಗ ದೇವರ ಪಲ್ಲಕ್ಕಿ ಸುದ್ಧಾ ಒಂದಕ್ಕೊಂದು ಭೇಟಿ ಆಗತಾವ, ಸಾವಕಾರ್ರ. ನಾವೇನು ದೇವರಗಿಂತ ದೊಡ್ಡವರೇನು?" ಎನ್ನುತ್ತಿದ್ದರು ಕಾಕಾ. "ಒಂದಿನ ಕೈಯಾಗ ಸಿಗತೀರಿ ಬಿಡ್ರಿ."

ಹತ್ತು ವರ್ಷದವನಿದ್ದಾಗ ರಜೆಯಲ್ಲಿ ನಾನು ಅವರ ಜೊತೆ ಕುರನೂರಿಗೆ ಹೋಗಿದ್ದೆ. ಹಿಂದಿನ ದಿನ ಹುಟ್ಟಿದ ಮರಿಯೊಂದು ದೊಡ್ಡಿಯಲ್ಲಿತ್ತು. ಮೈಯೆಲ್ಲ ಅಂಟಂಟು. ಪೇಟೆಯ ಜಾಣ ನಾನು, ಅವ್ವ ಕಟ್ಟಿಕೊಟ್ಟಿದ್ದ ಗಂಧದ ಸೋಪು ತೆಗೆದು ಅದನ್ನು ಚೆನ್ನಾಗಿ ತೊಳೆದೆ, ಟವೆಲ್ಲಿನಿಂದ ಒರೆಸಿದೆ, ಹೆಮ್ಮೆಯಿಂದ ತಾಯಿಯ ಮುಂದೆ ಬಿಟ್ಟೆ. ತಾಯಿಕುರಿ ಮೂಸಿ ನೋಡಿತು, ತಲೆ ತಗ್ಗಿಸಿ ಗುದ್ದಿ ಬೀಳಿಸಿತು. ಮರಿ ಎದ್ದು ಮತ್ತೆ ಹೋಯಿತು. ಮತ್ತೆ ಗುದ್ದಿತು. ನಾನು ಅಳತೊಡಗಿದೆ.

ಕಾಕಾ ಬೈಯಲಿಲ್ಲ. "ತನ್ನ ಮರಿ ಅಂತ ಅದಕ್ಕ ಗುರ್ತಾ ಸಿಗವಲ್ದು, ಅಷ್ಟೇ" ಎಂದರು. ತಾಯಿಯನ್ನೂ ಮರಿಯನ್ನೂ ಒಟ್ಟಿಗೆ ಕೂರಿಸಿ, ಹೆಗಲ ಕಂಬಳಿಯನ್ನು ಎರಡರ ಮೇಲೂ ಹೊದಿಸಿ, ಎರಡೂ ತೋಳುಗಳಿಂದ ತಬ್ಬಿ ಹಿಡಿದು ಕೂತರು. ಕುರಿ ಒದೆಯಿತು, ಒದ್ದಾಡಿತು. "ತಡಿ, ವಾಸನಿ ಒಂದಾಗ್ಲಿ" ಎನ್ನುತ್ತಾ ಅವರು ಬಿಡಲೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನೂ ಒಳಗೆ ಎಳೆದುಕೊಂಡರು. ಆ ಕತ್ತಲಲ್ಲಿ ನನ್ನ ಬಿಕ್ಕು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಕಂಬಳಿ ಸರಿಸಿದರೆ ಮರಿ ಬಾಲ ಅಲ್ಲಾಡಿಸುತ್ತಾ ಹಾಲು ಕುಡಿಯುತ್ತಿತ್ತು.

ಅಪ್ಪಿಕೊಂಡರೆ ಆರೋಗ್ಯ ಸುಧಾರಿಸುತ್ತದೆಂದು ಈಗ ಮೊಬೈಲಿನಲ್ಲಿ ದಿನಕ್ಕೊಂದು ಉಪದೇಶ ಬರುತ್ತದೆ. ಓದಿದಾಗಲೆಲ್ಲ ನನ್ನ ಮೂಗಿಗೆ ಉಣ್ಣೆಯ ವಾಸನೆ ಬರುತ್ತದೆ.

ಅವ್ವ ತೀರಿಕೊಂಡಾಗ ನಾನು ಸೂರತ್ತಿನಲ್ಲಿದ್ದೆ. ಊರಲ್ಲಿ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಆಗಷ್ಟೇ ಪವರ್‌ಲೂಮ್ ಹಾಕಿದ್ದೆ, ನೂಲು ನೋಡಲು ಹೋಗಿದ್ದೆ. ಹೇಗೋ ಮರುದಿನ ಬೆಳಿಗ್ಗೆ ಮನೆ ಮುಟ್ಟಿದರೆ ಎಲ್ಲ ಮುಗಿದಿತ್ತು. ಅಪ್ಪ ನನಗಾಗಿ ಕಾದಿರಲಿಲ್ಲ. ಅವ್ವನ ಮುಖ ನೋಡಲು ಸಿಗಲಿಲ್ಲವಲ್ಲ ಎಂಬ ಸಿಟ್ಟಿಗೆ ನಾನು ಅಪ್ಪನ ಜೊತೆ ಮಾತು ಬಿಟ್ಟೆ. ಅಪ್ಪನೂ ಕೇಳಿಕೊಂಡು ಬರುವವರಲ್ಲ. ಒಂದೇ ಮನೆ, ಒಂದೇ ಪಂಕ್ತಿಯಲ್ಲಿ ಊಟ, ಮಾತೆಲ್ಲ ನನ್ನ ಹೆಂಡತಿಯ ಮೂಲಕ. "ಚಾವಿ ಎಲ್ಲಿಟ್ಟಾನ ಕೇಳು" ಎಂದು ಅಪ್ಪ ಹೇಳುವರು, ನಾನು ಎದುರಿಗೇ ಕೂತಿರುತ್ತಿದ್ದೆ.

ಕಾಕಾ ಆಗ ಕುರಿ ಹೊಡೆದುಕೊಂಡು ಭೀಮಾ ನದಿಯ ಆಚೆ ಹೋಗಿದ್ದರು. ಸುದ್ದಿ ತಿಳಿದು ಬರುವಷ್ಟರಲ್ಲಿ ಮೂರು ತಿಂಗಳಾಗಿತ್ತು. ಒಳಗೆ ಬಂದು ಅವ್ವನ ಫೋಟೋದ ಮುಂದೆ ನಿಂತು ಮಗುವಿನ ಹಾಗೆ ಅತ್ತರು. ಆಮೇಲೆ ನನ್ನ ಹೆಂಡತಿ ಚಹಾ ತಂದಳು.

"ಅವಗ ಸಕ್ಕರಿ ಸಾಕಾತೇನು ಕೇಳು" ಎಂದರು ಅಪ್ಪ ಅವಳಿಗೆ.

"ಸಾಕಾತು ಅಂತ ಹೇಳು" ಎಂದೆ ನಾನು.

ಕಾಕಾ ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು. ಕಪ್ಪು ಕೆಳಗಿಟ್ಟರು. ನನ್ನ ರಟ್ಟೆ ಹಿಡಿದು ಎಬ್ಬಿಸಿ ಗಾದಿಯ ಮೇಲೆ ಅಪ್ಪನ ಪಕ್ಕ ಕೂರಿಸಿದರು. ಏನು ಎತ್ತ ಎಂದು ತಿಳಿಯುವ ಮೊದಲೇ ಕರಿ ಕಂಬಳಿ ನಮ್ಮಿಬ್ಬರ ತಲೆಯ ಮೇಲೆ ಬಿತ್ತು. ಹೊರಗಿನಿಂದ ಅವರ ತೋಳುಗಳು ಬಿಗಿದುಕೊಂಡವು.

"ಏನಿದು ಹುಚ್ಚಾಟ, ಬಿಡ್ರಿ!" ಎಂದು ಅಪ್ಪ ಕೂಗಿದರು.

"ಸುಮ್ಮ ಕುಂಡ್ರಿ, ಸಾವಕಾರ್ರ. ವಾಸನಿ ಒಂದಾಗ್ಲಿ."

ಅಪ್ಪ ಒದ್ದಾಡಿದರು. ನಾನೂ ಒದ್ದಾಡಿದೆ. ಕುರಿಗಳನ್ನು ಹಿಡಿದ ಕೈ ಅದು, ಬಿಟ್ಟೀತೇ? ಅಪ್ಪನ ಭುಜದ ಮೂಳೆ ನನ್ನ ಎದೆಗೆ ಒತ್ತಿಕೊಂಡಿತ್ತು. ಇಷ್ಟು ಸಣ್ಣಗಾಗಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಹೊಸ ಬಟ್ಟೆಯ ಗಂಜಿಯ ವಾಸನೆ, ಅದರಡಿಯಲ್ಲಿ ಅವ್ವ ಹಚ್ಚುತ್ತಿದ್ದ ತಲೆಯೆಣ್ಣೆಯದೇ ವಾಸನೆ. ಅದನ್ನವರು ತಾವು ಹಚ್ಚಿಕೊಳ್ಳಲು ಶುರು ಮಾಡಿದ್ದರು. ಆಮೇಲೆ ಅವರು ಒದ್ದಾಡುವುದನ್ನು ಬಿಟ್ಟರು.

"ಆಕಿನ್ನ ಹಂಗ ಮಲಗಿಸಿದ್ದು ನೀ ನೋಡಿ ಅತ್ತಿದ್ರ, ನಿನ್ನ ಹೆಂಗ ಸಮಾಧಾನ ಮಾಡಬೇಕಂತ ನನಗ ತಿಳಿಲಿಲ್ಲೋ" ಎಂದರು ಅಪ್ಪ. "ಹೆದರಿದೆ. ಲಗೂನ ಮುಗಿಸಿಬಿಟ್ಟೆ. ತಪ್ಪಾತು."

ನಾನು ಅವರನ್ನು ತಬ್ಬಿಕೊಂಡೆ. ಕಾಕಾ ತಮ್ಮ ತೋಳು ಯಾವಾಗ ತೆಗೆದರೋ ಇಬ್ಬರಿಗೂ ತಿಳಿಯಲಿಲ್ಲ. ಕಂಬಳಿಯಿಂದ ಹೊರಬಂದಾಗ ಅವರು ಮೂಲೆಯಲ್ಲಿ ಕೂತು ತಣ್ಣಗಾದ ಚಹಾ ಕುಡಿಯುತ್ತಿದ್ದರು.

ಈ ಬೇಸಿಗೆಯಲ್ಲಿ ಕಾಕಾ ತೀರಿಹೋದರು. ಅಪ್ಪನನ್ನು ಕರೆದುಕೊಂಡು ಕುರನೂರಿಗೆ ಹೋದೆ. ಕಾಕಾನ ಮಗ ನನ್ನ ಓರಗೆಯವನು. ದೊಡ್ಡಿಯ ಬಾಗಿಲಲ್ಲಿ ಕಲ್ಲಿನ ಹಾಗೆ ನಿಂತಿದ್ದ. ಅವನ ಕೊರಳಲ್ಲಿ ಈಗ ಆ ಭಂಡಾರದ ಚೀಲ, ಹೆಗಲ ಮೇಲೆ ಆ ಕಂಬಳಿ. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಬೆಳಗಿನಿಂದ ಯಾರ ಜೊತೆಯೂ ಮಾತಾಡಿಲ್ಲ ಎಂದರು ಅಲ್ಲಿದ್ದವರು. ನಾನು ನಾಲ್ಕು ಹೆಜ್ಜೆ ದೂರದಲ್ಲೇ ಕೈ ಮುಗಿದು ನಿಂತೆ.

ಅಪ್ಪ ಕೋಲೂರುತ್ತಾ ನನ್ನನ್ನು ದಾಟಿ ಮುಂದೆ ಹೋದರು. ಅವನ ಹೆಗಲ ಕಂಬಳಿ ತೆಗೆದು ಇಬ್ಬರ ತಲೆಯ ಮೇಲೂ ಎಳೆದುಕೊಂಡರು. "ಸುಮ್ಮ ನಿಂದರು, ತಮ್ಮಾ" ಎಂಬ ಮಾತು ಕೇಳಿಸಿತು. ಬಹಳ ಹೊತ್ತಿನ ಮೇಲೆ ಒಳಗಿನಿಂದ ಅವನ ಅಳು ಕೇಳಿಸಿತು.

ತಿರುಗಿ ಬರುವಾಗ ಗಾಡಿಯಲ್ಲಿ ಅಪ್ಪ ನನ್ನ ಪಕ್ಕ ಕೂತಿದ್ದರು. ಅಪ್ಪನ ಅಂಗಿಯ ಎದೆಯ ಮೇಲೆ ಅಂಗೈ ಅಗಲದ ಹಳದಿ ಕಲೆ.

"ಅಪ್ಪಾ, ಅಂಗಿ" ಎಂದೆ.

ಅವರು ತಗ್ಗಿ ತಮ್ಮ ಎದೆ ನೋಡಿಕೊಂಡರು. ಆಮೇಲೆ ನನ್ನ ಎದೆ ನೋಡಿದರು.

"ನಿಂದ್ಯಾಕೋ ಇನ್ನೂ ಬೆಳ್ಳಗ ಐತಿ?"

ಅಕ್ಕಲಕೋಟ ಇನ್ನೂ ಬಂದಿರಲಿಲ್ಲ. ನಾನು ಗಾಡಿಯನ್ನು ಮತ್ತೆ ಕುರನೂರಿನ ಕಡೆಗೆ ತಿರುಗಿಸಿದೆ.