‘ಆಮೇಲೆ’ ಎಂದು ಶುರುವಾದ ಪುಸ್ತಕ

ದಬ್ಬಳದಕ್ಕನಿಗೆ ಇನ್ನೂರಕ್ಕೂ ಹೆಚ್ಚು ಪುಸ್ತಕಗಳ ಮೊದಲ ಸಾಲು ಬಾಯಿಗೆ ಬರುತ್ತಿತ್ತು. ಎರಡನೆಯ ಸಾಲನ್ನು ಒಂದರದ್ದೂ ಓದಿರಲಿಲ್ಲ.

ಲೈಬ್ರರಿಯ ನೆಲಮಾಳಿಗೆಯಲ್ಲಿ ಕೂತು, ಕಿತ್ತುಹೋದ ಹಳೆಯ ಪುಸ್ತಕಗಳನ್ನು ಬಿಚ್ಚಿ, ಮತ್ತೆ ಹೊಲಿದು ರಟ್ಟು ಕಟ್ಟುವುದು ಅವಳ ಕೆಲಸ. ಕೈಯಲ್ಲಿ ಸದಾ ದಪ್ಪ ಸೂಜಿ, ಅಂದರೆ ದಬ್ಬಳ, ಇರುತ್ತಿದ್ದುದರಿಂದ ಆ ಹೆಸರು ಬಿತ್ತು. ಹೊಲಿಯುವ ಮುಂಚೆ ಮೊದಲ ಹಾಳೆ ಮೊದಲಲ್ಲಿದೆಯೇ, ಕೊನೆಯದು ಕೊನೆಯಲ್ಲಿದೆಯೇ ಎಂದು ನೋಡಬೇಕು. ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ಬೆರಳಿಟ್ಟು, ತುಟಿ ಆಡಿಸುತ್ತ ಒಂದು ಸಾಲು ಓದುವಷ್ಟರಲ್ಲಿ ಅಂಟು ಒಣಗತೊಡಗುತ್ತಿತ್ತು. ಇನ್ನೊಂದು ಸಾಲಿಗೆ ಪುರಸೊತ್ತೆಲ್ಲಿ? ಕೊನೆಯ ಹಾಳೆಯ ಅಂಕಿ ಮಾತ್ರ ನೋಡಿ ಮಗುಚಿಬಿಡುತ್ತಿದ್ದಳು. “ಯಾರ ಮನೆ ಸಾವೂ ನಂಗೆ ಮುಂಚೇನೇ ಗೊತ್ತಾಗೋದು ಬೇಡಪ್ಪ” ಎನ್ನುತ್ತಿದ್ದಳು.

ಎರಡನೆಯ ಸಾಲು ಗಂಡನ ಹತ್ತಿರ ಇರುತ್ತಿತ್ತು. ಅವರು ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು; ಸೀಸದ ಒಂದೊಂದೇ ಅಕ್ಷರವನ್ನು ಗೂಡಿನಿಂದ ಹೆಕ್ಕಿ ಸಾಲು ಮಾಡಿ ಪುಟ ಕಟ್ಟುತ್ತಿದ್ದವರು. ಬೀದಿಯವರಿಗೆಲ್ಲ ಮೊಳೆ ಮೇಷ್ಟ್ರು. ಅಚ್ಚುಕೂಟ ಮುಚ್ಚಿದ ಮೇಲೆ ಲೈಬ್ರರಿಯ ಬೆಂಚಿನಲ್ಲಿ ಕೂತು ಕಥೆ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದರು. ಓದಿದ್ದನ್ನು ಮರೆಯುವ ಜಾಯಮಾನವೇ ಅಲ್ಲ.

ಸಂಜೆ ಅವಳು ಮನೆಯ ಮೆಟ್ಟಿಲು ಹತ್ತಿ ಬಂದು, ಚಪ್ಪಲಿ ಬಿಡುವ ಮೊದಲೇ ಶುರು ಮಾಡುತ್ತಿದ್ದಳು.

“ರೀ, ಇವತ್ತಿಂದು ಕೇಳಿ. ‘ನನ್ನ ಅಪ್ಪನನ್ನು ಕೊಂದವನ ಮದುವೆಗೆ ನಾವೆಲ್ಲರೂ ಹೋಗಿದ್ದೆವು.’”

ಮೇಷ್ಟ್ರು ಕನ್ನಡಕ ಒರೆಸುತ್ತ, “‘ಊಟದಲ್ಲಿ ಉಪ್ಪು ಕಡಿಮೆಯಿತ್ತು’” ಎನ್ನುತ್ತಿದ್ದರು.

“ಅಯ್ಯೋ ಪಾಪಿ! ಅಪ್ಪನ್ನ ಕೊಂದವನ ಮನೇಲಿ ಕೂತು ಉಪ್ಪು ನೋಡ್ತಿದ್ನಾ?”

“ಅದಕ್ಕೇ ಕಣೇ ಇಷ್ಟು ವರ್ಷ ಆದ್ರೂ ಅದನ್ನ ಓದಿ ಓದಿ ಹರಿದು ಹಾಕ್ತಾರೆ, ನೀನು ಹೊಲೀತೀಯ.”

ಒಂದು ಪುಸ್ತಕವನ್ನು ಮಾತ್ರ ಅವಳು ಈ ಆಟಕ್ಕೆ ತರುತ್ತಿರಲಿಲ್ಲ. ಅದು ಅವರಿಬ್ಬರದು. ಹದಿನೆಂಟರ ಹುಡುಗಿಯಾಗಿ ಅವಳು ಅಚ್ಚುಕೂಟಕ್ಕೆ ಹಾಳೆ ಮಡಿಸಲು ಸೇರಿದ ತಿಂಗಳಲ್ಲಿ ಅಲ್ಲಿ ಒಂದು ಕಥೆ ಪುಸ್ತಕ ಅಚ್ಚಾಗುತ್ತಿತ್ತು. ಮೊಳೆ ಜೋಡಿಸಿದವರು ಇದೇ ಮೇಷ್ಟ್ರು, ಆಗಿನ್ನೂ ಮೀಸೆ ತಿದ್ದುವ ವಯಸ್ಸು. ಅಚ್ಚು ಸರಿಯಾಗಿ ಬೀಳದ ಹಾಳೆಗಳನ್ನು ಕೆಲಸದವರು ಮನೆಗೆ ಒಯ್ಯಬಹುದಿತ್ತು. ಅವರು ಅಂಥ ಹಾಳೆಗಳನ್ನೇ ಒಂದೊಂದಾಗಿ ಕೂಡಿಟ್ಟು, ದಾರ ಸುತ್ತಿ, “ಹೊಲಿಗೆ ಕಲೀಬೇಕು ಅಂತಿದ್ಯಲ್ಲ, ಇದ್ರಲ್ಲಿ ಕಲಿ” ಎಂದು ಅವಳ ಮುಂದೆ ಇಟ್ಟಿದ್ದರು. ಅವಳು ಬಾಳಿನಲ್ಲಿ ಹೊಲಿದ ಮೊದಲನೆಯ ಪುಸ್ತಕ ಅದು. ಓದಿದ ಮೊದಲನೆಯ ಸಾಲೂ ಅದರದ್ದೇ.

‘ಆಮೇಲೆ ಅವಳು ಬಾಗಿಲು ಹಾಕಿಕೊಳ್ಳುವುದನ್ನೇ ಬಿಟ್ಟಳು.’

ಆ ಸಾಲೆಂದರೆ ಅವಳಿಗೆ ಪ್ರಾಣ. ಉಳಿದ ಪುಸ್ತಕಗಳು ಬೆಳಗಾಯಿತು, ಮಳೆ ಬಂತು, ಒಬ್ಬ ರಾಜನಿದ್ದ ಎಂದು ಶುರುವಾಗುತ್ತವೆ. ಇದು ಮಾತ್ರ ಎಲ್ಲ ಆಗಿಹೋದ ಮೇಲೆ ಶುರುವಾಗುತ್ತದೆ ಎಂದು ಹೆಮ್ಮೆ. ಮುಂದಿನದನ್ನು ಓದಿ ಹೇಳಿ ಎಂದರೆ ಮೇಷ್ಟ್ರು ನಗುತ್ತಿದ್ದರು. “ಬೇಡ ಬಿಡೇ. ನಿನ್ನ ಸಾಲಿಂದಲೇ ಶುರುವಾಗಿದ್ರೆ ಆ ಕಥೆ ಇನ್ನೂ ಚೆನ್ನಾಗಿರ್ತಿತ್ತು.” ಅವಳು ಅದನ್ನು ಹೊಗಳಿಕೆ ಎಂದೇ ತಿಳಿದಳು. ಒಂದು ಸಾಲಿನಲ್ಲೇ ತೃಪ್ತಿಪಟ್ಟು ಪುಸ್ತಕವನ್ನು ಬಟ್ಟೆಗಳ ಕೆಳಗೆ ಇಟ್ಟಳು. ಹಾಗೇ ನಲವತ್ತೊಂದು ವರ್ಷ ಕಳೆಯಿತು.

ಮೇಷ್ಟ್ರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ನಿಂತಿತು. ನೀರು ಬೇಕು ಎನ್ನಲೂ ಆಗದೆ ಎಡಗೈಯನ್ನು ಮಂಚಕ್ಕೆ ಬಡಿಯುತ್ತಿದ್ದರು. ಒಂದು ಬೆಳಗ್ಗೆ ಅವರ ಮುಖ ಒರೆಸುತ್ತ, ಯಾರಿಗೋ ಹೇಳುವಂತೆ, ಅವಳು ಆ ಮದುವೆಯ ಸಾಲು ಹೇಳಿಕೊಂಡಳು. ಸೊಟ್ಟಗಾದ ಬಾಯಿಂದ ಸ್ಪಷ್ಟವಾಗಿ ಮಾತು ಬಂತು: “ಊಟದಲ್ಲಿ ಉಪ್ಪು ಕಡಿಮೆಯಿತ್ತು.”

ಅವಳು ಆಗಲೇ ಡಾಕ್ಟರನ್ನು ಕರೆಸಿದಳು.

“ಹೊಸ ಮಾತು ಬರಲ್ಲಮ್ಮ” ಎಂದರು ಡಾಕ್ಟರು. “ಬಾಯಿಪಾಠ ಆಗಿರೋದು, ಶುರು ಮಾಡಿಕೊಟ್ರೆ ತಾನಾಗೇ ಮುಂದಕ್ಕೆ ಹೋಗುತ್ತೆ. ಕೆಲವರಿಗೆ ಹಾಗೆ. ಎಷ್ಟು ದಿನ ಅಂತ ಹೇಳಕ್ಕಾಗಲ್ಲ.”

ಶುರುಗಳಿಗೇನು ಬರ? ಇನ್ನೂರಿದ್ದವು. ದಿನಕ್ಕೆ ಹತ್ತು ಹೇಳುತ್ತಿದ್ದಳು, ಅವರು ಹತ್ತಕ್ಕೂ ಓಗೊಡುತ್ತಿದ್ದರು. ಅದರಲ್ಲಿ ಹಸಿವು, ನೋವು, ಬೇಜಾರು ಯಾವುದೂ ಇರುತ್ತಿರಲಿಲ್ಲ, ಬರೀ ಪುಸ್ತಕದ ಮಾತು; ಆದರೂ ಧ್ವನಿ ಅವರದೇ. ತಿಂಗಳು ಕಳೆದ ಹಾಗೆ ಹತ್ತಕ್ಕೆ ಏಳಾಯಿತು, ಮೂರಾಯಿತು. ಚಳಿ ಮುಗಿಯುವ ಹೊತ್ತಿಗೆ ಉಪ್ಪಿನ ಸಾಲೊಂದೇ ಉಳಿದಿತ್ತು.

ಮಗಳು ಒಬ್ಬಳೇ. ಮದುವೆಯಾಗದೆ ಇವರ ಜೊತೆಗೇ ಇದ್ದಳು. ಬಟ್ಟೆ ಒಗೆದು ಇಸ್ತ್ರಿ ಮಾಡುವ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಅಮ್ಮ ಲೈಬ್ರರಿಯಲ್ಲಿದ್ದಾಗ ಅಪ್ಪನನ್ನು ಮಗ್ಗುಲು ತಿರುಗಿಸುವುದು, ತೊಳೆಯುವುದು, ಹಾಲು ಕುಡಿಸುವುದು ಎಲ್ಲ ಅವಳ ಪಾಲು. ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಿತ್ತು. ಇಬ್ಬರೂ ಕೆಲಸಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಮೇಷ್ಟ್ರು ಮಂಚದಿಂದ ಉರುಳಿ, ಮೂರು ತಾಸು ನೆಲದ ಮೇಲೇ ಬಿದ್ದಿದ್ದರು.

“ಅಮ್ಮ, ನನ್ನ ಕೈಲಾಗಲ್ಲ” ಎಂದಳು ಮಗಳು. “ದೊಡ್ಡಾಸ್ಪತ್ರೆ ಹಿಂದುಗಡೆ ವಾರ್ಡಿದೆ. ಇಂಥವರನ್ನೇ ನೋಡ್ಕೋತಾರೆ.”

“ಅಲ್ಲಿ ಅವರಿಗೆ ಸಾಲು ಹೇಳೋರು ಯಾರು?”

“ಅದರಲ್ಲಿ ಅಪ್ಪ ಎಲ್ಲಿದ್ದಾರಮ್ಮ? ಗಡಿಯಾರ ಹೊಡೆದ ಹಾಗೆ ಹೊಡೀತಾರೆ. ನಿನ್ನ ಸಮಾಧಾನಕ್ಕೆ ಮಾತು ಅಂತೀಯ ಅಷ್ಟೇ.”

ಆ ಮಾತು ದಬ್ಬಳದಕ್ಕನಿಗೆ ನಾಟಿತು. ಗಂಡನ ಹೊದಿಕೆ ಸರಿಮಾಡುತ್ತ ಹೇಳಿದಳು: “ನಮ್ಮ ಪುಸ್ತಕ ಒಂದಿದೆ. ಇಲ್ಲೀವರೆಗೆ ಅದನ್ನ ಕೇಳಿಲ್ಲ, ಹೆದರಿಕೆ ಆಗಿ. ಅದು ಅವರ ಕೈಯಾರೆ ಜೋಡಿಸಿದ್ದು. ಅದಕ್ಕೂ ಓಗೊಡದಿದ್ರೆ, ಆಯ್ತು, ನೀ ಹೇಳಿದ ಹಾಗೆ.”

ಮಾರನೆಯ ಬೆಳಗ್ಗೆ ಪುಸ್ತಕ ತೆಗೆದಳು. ಮೊದಲ ಸಾಲಿನ ಕೆಳಗೆ ಬೆರಳಿಟ್ಟು, ಉತ್ತರ ಸರಿಯೇ ಎಂದು ನೋಡಲು ಎರಡನೆಯದರ ಮೇಲೆ ಕಣ್ಣಿಟ್ಟು, ಗಂಡನ ಕಿವಿಯ ಹತ್ತಿರ ಬಗ್ಗಿದಳು. ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು.

“ರೀ. ‘ಆಮೇಲೆ ಅವಳು ಬಾಗಿಲು ಹಾಕಿಕೊಳ್ಳುವುದನ್ನೇ ಬಿಟ್ಟಳು.’”

ಮೇಷ್ಟ್ರು ಕಣ್ಣು ಬಿಟ್ಟು ಅವಳನ್ನೇ ನೋಡಿದರು. ಬಾಯಿ ಇನ್ನಷ್ಟು ಸೊಟ್ಟಗಾಯಿತು. ಮಾತು ಬರಲಿಲ್ಲ. ಎಡಗೈ ಮಾತ್ರ ಹೊದಿಕೆಯ ಅಂಚನ್ನು ಹಿಡಿದು ಎಡದಿಂದ ಬಲಕ್ಕೆ ಮಗುಚಿತು. ಮತ್ತೆ ಹಿಡಿಯಿತು, ಮತ್ತೆ ಮಗುಚಿತು.

ಅವಳು ಇನ್ನೊಂದು ಸಲ ಹೇಳಿದಳು, ಮತ್ತೊಂದು ಸಲ ಹೇಳಿದಳು. ಕೈ ಮಗುಚುತ್ತಲೇ ಇತ್ತು.

“ಸೆಕೆ ಆಗ್ತಿದೆ ಅವರಿಗೆ. ಹೊದಿಕೆ ತೆಗಿ ಅಂತಿದ್ದಾರೆ” ಎಂದಳು ಮಗಳು.

ದಬ್ಬಳದಕ್ಕ ಹೊದಿಕೆ ತೆಗೆದು ಮಡಿಸಿ ಕಾಲಬುಡದಲ್ಲಿಟ್ಟಳು. ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ. ಆ ವಾರವೇ ಮೇಷ್ಟ್ರನ್ನು ವಾರ್ಡಿಗೆ ಸೇರಿಸಿದರು. ಅಲ್ಲಿ ಭಾನುವಾರ ಒಂದು ತಾಸು ಮಾತ್ರ ನೋಡಲು ಬಿಡುತ್ತಿದ್ದರು. ಎರಡು ಭಾನುವಾರ ಹೋಗಿ, ಸ್ಟೂಲಿನ ಮೇಲೆ ಬಾಯಿಗೆ ಬೀಗ ಹಾಕಿದವಳಂತೆ ಕೂತು ಬಂದಳು. ಕೇಳಿ ಉತ್ತರ ಬಾರದಿರುವುದನ್ನು ಮತ್ತೆ ನೋಡುವ ಧೈರ್ಯ ಅವಳಿಗಿರಲಿಲ್ಲ.

ಮೂರನೆಯ ವಾರ ನೆಲಮಾಳಿಗೆಗೆ ಬಂದ ಗಂಟಿನಲ್ಲಿ ಆ ಪುಸ್ತಕದ ಇನ್ನೊಂದು ಪ್ರತಿಯಿತ್ತು. ಯಾರೋ ಸತ್ತವರ ಮನೆಯಿಂದ ಲೈಬ್ರರಿಗೆ ಕೊಟ್ಟದ್ದು. ಅದೇ ಹೆಸರಿನ ಹಾಳೆ, ಅದೇ ಅಕ್ಷರ. ಗಂಡನ ಕೈಬೆರಳನ್ನೇ ಕಂಡವಳಂತೆ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಅಭ್ಯಾಸಬಲದಿಂದ ಮೊದಲ ಸಾಲಿಗೆ ಬೆರಳಿಟ್ಟಳು.

‘ಮೂರು ದಿನದಿಂದ ಆ ಮನೆಯಲ್ಲಿ ಯಾರೂ ಯಾರನ್ನೂ ಕರೆದಿರಲಿಲ್ಲ.’

ಬೇರೆ ಪುಸ್ತಕದ ಹಾಳೆ ಸೇರಿಕೊಂಡಿದೆ ಎಂದುಕೊಂಡಳು. ಮಗುಚಿದಳು. ಐದನೆಯ ಪುಟ, ಆರನೆಯ ಪುಟ. ಏಳನೆಯದರ ನೆತ್ತಿಯ ಮೇಲೆ ಅವಳ ಸಾಲು ಕೂತಿತ್ತು: ‘ಆಮೇಲೆ ಅವಳು...’

ಹೆಸರಿನ ಹಾಳೆಗಳನ್ನು ಕಳೆದು ಕಥೆ ಐದಕ್ಕೋ ಏಳಕ್ಕೋ ಶುರುವಾಗುವುದು ಮಾಮೂಲು. ಅದಕ್ಕೇ ಅವಳಿಗೆ ಎಂದೂ ಅನುಮಾನ ಬಂದಿರಲಿಲ್ಲ. ಊರಿನ ಪುಸ್ತಕಗಳ ಹಾಳೆಯನ್ನೆಲ್ಲ ನೋಡಿ ನೋಡಿ ಹೊಲಿದವಳು ತನ್ನದನ್ನು ತಿರುಗಿ ನೋಡಿರಲಿಲ್ಲ. ಮೇಷ್ಟ್ರು ಕೂಡಿಟ್ಟ ಕೆಟ್ಟ ಹಾಳೆಗಳಲ್ಲಿ ಕಥೆಯ ಮೊದಲ ಹಾಳೆ ಇರಲೇ ಇಲ್ಲ. ಮಸಿ ಚೆಲ್ಲಿತ್ತೋ ಏನೋ, ಹುಡುಗಿಗೆ ಕೊಡುವುದು ಚೊಕ್ಕಟವಾಗಿರಲಿ ಎಂದು ಕಿತ್ತಿರಬೇಕು. ಅವಳು ಆ ಸಾಲಿಗೆ ಮರುಳಾದದ್ದು ನೋಡಿ ಹೇಳದೆ ಉಳಿದುಬಿಟ್ಟಿರಬೇಕು.

ಆಗ ಅವಳ ಕಣ್ಣ ಮುಂದೆ ಹೊದಿಕೆಯ ಅಂಚು ಬಂತು. ಎಡದಿಂದ ಬಲಕ್ಕೆ. ಪುಟವನ್ನು ಹಿಂದಕ್ಕೆ ತಿರುಗಿಸುವುದು ಹಾಗೇ.

“ಅಕ್ಕ, ಅಂಟು ಒಣಗ್ತಿದೆ” ಎಂದಳು ಪಕ್ಕದ ಮೇಜಿನವಳು. ದಬ್ಬಳದಕ್ಕ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, ಯಾರನ್ನೂ ಕೇಳದೆ, ಎದ್ದು ನಡೆದಳು.

ಭಾನುವಾರವಲ್ಲವಾದ್ದರಿಂದ ವಾರ್ಡಿನ ಬಾಗಿಲಲ್ಲಿ ಆಯಾ ತಡೆದಳು. ಮುದುಕಿಯ ಮುಖ ನೋಡಿ, “ಹತ್ತೇ ನಿಮಿಷ” ಎಂದು ಬಿಟ್ಟಳು.

ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿದ್ದರು. ಎಡಗೈಯನ್ನು ಬಟ್ಟೆಯ ಪಟ್ಟಿಯಿಂದ ಮಂಚದ ಸರಳಿಗೆ ಕಟ್ಟಿತ್ತು.

“ಇದ್ಯಾಕಮ್ಮ ಕಟ್ಟಿದೀರಿ?”

“ಹೊದಿಕೇನ ಎಳೀತಾನೇ ಇದ್ರು. ಬಂದ ದಿನದಿಂದ ಅದೇ ಕೆಲಸ. ರಾತ್ರಿಯೆಲ್ಲ ಚಳೀಲಿ ಬಿದ್ದಿರ್ತಿದ್ರು, ಪಾಪ. ಈಗ ನಾಲ್ಕು ದಿನದಿಂದ ತಣ್ಣಗಿದ್ದಾರೆ.”

ಅವಳು ಗಂಟು ಬಿಚ್ಚಿದಳು. ಮಣಿಕಟ್ಟಿನ ಸುತ್ತ ನೇರಳೆ ಬಣ್ಣದ ಗೆರೆ ಬಿದ್ದಿತ್ತು. ಆ ಕೈಯನ್ನು ಹೊದಿಕೆಯ ಅಂಚಿನ ಮೇಲಿಟ್ಟು, ಕಿವಿಯ ಹತ್ತಿರ ಬಗ್ಗಿದಳು.

“ರೀ, ನಂದೇ ತಪ್ಪು. ಈಗ ಕೇಳಿ. ‘ಮೂರು ದಿನದಿಂದ ಆ ಮನೆಯಲ್ಲಿ ಯಾರೂ ಯಾರನ್ನೂ ಕರೆದಿರಲಿಲ್ಲ.’”

ಕಣ್ಣು ಗೋಡೆಯ ಮೇಲೇ ಇತ್ತು. ಉಸಿರು ಆಡುತ್ತಿತ್ತು, ಅಷ್ಟೇ. ಮದುವೆಯ ಸಾಲೂ ಹೇಳಿ ನೋಡಿದಳು. ಉಪ್ಪಿನ ಮಾತೂ ಬರಲಿಲ್ಲ. ಇಟ್ಟ ಕೈ ಇಟ್ಟಲ್ಲೇ ಇತ್ತು. ಹತ್ತು ನಿಮಿಷ ಮುಗಿಯಿತು ಎಂದು ಆಯಾ ಬಾಗಿಲಲ್ಲಿ ಕೆಮ್ಮಿದಳು.

ಮನೆಗೆ ಬಂದಾಗ ಮಗಳು ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು ಕೂತಿದ್ದಳು.

“ಅವರನ್ನ ಮನೆಗೆ ಕರ್ಕೊಂಡು ಬರೋಣ” ಎಂದಳು ದಬ್ಬಳದಕ್ಕ. “ನಾನು ಕೆಲಸ ಬಿಡ್ತೀನಿ. ನೀನು ಎತ್ತೋದು ಬೇಡ.”

“ಯಾಕಮ್ಮ? ಮತ್ತೆ ಮಾತಾಡಿದ್ರಾ?”

“ಹೂಂ.”

“ಏನಂದ್ರು?”

ಅವಳು ಬಸ್ಸಿನಲ್ಲಿ, ಬೆರಳಿಟ್ಟು, ನಿಧಾನವಾಗಿ, ಆ ಪುಸ್ತಕದ ಎರಡನೆಯ ಸಾಲು ಓದಿಕೊಂಡಿದ್ದಳು. ಬಾಳಿನಲ್ಲಿ ಅವಳು ತಾನೇ ಓದಿ ಬಾಯಿಪಾಠ ಮಾಡಿದ ಎರಡನೆಯ ಸಾಲು ಅದೊಂದೇ.

“‘ಕರೆಯುವವಳು ಹೋಗಿದ್ದಳು, ಓಗೊಡುವವರು ಮಾತ್ರ ಉಳಿದಿದ್ದರು.’ ಹಾಗಂದ್ರು.”

ಮಗಳು ಅಮ್ಮನ ಮುಖವನ್ನು ನೋಡಿದಳು. ಅಮ್ಮನಿಗೆ ಮುಖದಲ್ಲಿ ಏನನ್ನೂ ಅಡಗಿಸಲು ಬಾರದು. ಆಮೇಲೆ ಬಿಸಿನೀರಿನ ಚೀಲವನ್ನು ಪಕ್ಕಕ್ಕಿಟ್ಟು, “ನಾಳೆ ಗಾಡಿಗೆ ಹೇಳ್ತೀನಿ ಬಿಡು” ಎಂದಳು.

ಮೇಷ್ಟ್ರು ಮನೆಯಲ್ಲಿ ಹತ್ತೊಂಬತ್ತು ದಿನ ಇದ್ದರು. ದಿನಾ ಸಂಜೆ ಅವಳು ಐದನೆಯ ಪುಟ, ಆರನೆಯ ಪುಟ ಓದುತ್ತಿದ್ದಳು. ಏಳನೆಯದಕ್ಕೆ ಬಂದಾಗ ಪುಸ್ತಕ ನೋಡದೆ ತನ್ನ ಸಾಲು ಹೇಳಿ ನಿಲ್ಲಿಸುತ್ತಿದ್ದಳು. ಪಕ್ಕದಲ್ಲಿ ಅವರ ಕೈ ಹೊದಿಕೆಯ ಮೇಲಿರುತ್ತಿತ್ತು. ಅದು ಒಂದು ಸಲವೂ ಅಲುಗಲಿಲ್ಲ.

ಅವರು ಹೋದ ಮೇಲೆ ಲೈಬ್ರರಿಯ ಪುಸ್ತಕವನ್ನು ಮನೆಯಲ್ಲೇ ಹೊಲಿದು, ರಟ್ಟು ಕಟ್ಟಿ, ಮಗಳ ಕೈಯಲ್ಲಿ ವಾಪಸು ಕಳಿಸಿದಳು. ತನ್ನದನ್ನು ಹಾಗೇ ಬಟ್ಟೆಗಳ ಕೆಳಗೆ ಇಟ್ಟಳು. ಹೋದ ಹಾಳೆಯನ್ನು ಬರೆದು ಸೇರಿಸಿಕೊಡಲೇ ಎಂದು ಮಗಳು ಕೇಳಿದಳು.

“ಬೇಡ” ಎಂದಳು ದಬ್ಬಳದಕ್ಕ. “ಅವರು ಕೊಟ್ಟಿದ್ದು ಇಷ್ಟೇ.”