ಮಂಜನ್ನೂ ಧೂಳೆಂದ ಯಂತ್ರ

ಆ ಚಳಿಗಾಲದಲ್ಲಿ ನನಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಒಲೆಯ ಮುಂದೆ, ಆಟೋದಲ್ಲಿ, ಪಾಠದ ನಡುವೆಯೂ ಫೋನು ತೆಗೆದು ನೋಡುತ್ತಿದ್ದೆ. ಗಾಳಿಯಲ್ಲಿ ಎಷ್ಟು ಧೂಳಿದೆ ಎಂದು ಅಳೆಯುವ ಪುಟ್ಟ ಯಂತ್ರಗಳನ್ನು ವಿಶ್ವವಿದ್ಯಾಲಯದ ನಮ್ಮ ವಿಭಾಗದವರು ಕಾಶಿಯಲ್ಲಿ ಅಲ್ಲಲ್ಲಿ ಕೂರಿಸಿದ್ದೆವು. ಒಂದು ಭೇಲೂಪುರದ ನಮ್ಮ ಮನೆಯ ಬಾಲ್ಕನಿಯಲ್ಲಿತ್ತು, ಇನ್ನೊಂದು ಕನ್ನಡದವರ ಮಠವೊಂದರ ತಾರಸಿಯಲ್ಲಿ. ಚಳಿ ಬಿದ್ದರೆ ಮಗಳ ಎದೆ ಗೊರಗೊರ ಎನ್ನುತ್ತಿತ್ತು. ಫೋನಿನಲ್ಲಿ ಧೂಳಿನ ಅಂಕಿ ಏರಿರುತ್ತಿದ್ದ ಬೆಳಗಿನಲ್ಲಿ ಅವಳನ್ನು ಒಳಗೇ ಇರಿಸಿಕೊಳ್ಳುತ್ತಿದ್ದೆ. ಮಧ್ಯಾಹ್ನ ಅದು ಇಳಿದ ಮೇಲೆ ಆಡಲು ಬಿಡುತ್ತಿದ್ದೆ.

ಒಂದು ದಿನ ಮಠದ ವ್ಯವಸ್ಥಾಪಕರು ಫೋನು ಮಾಡಿದರು. ವಿಜಯಪುರದ ಕಡೆಯವರು.

"ಮೇಡಂ, ನಿಮ್ಮ ಡಬ್ಬಿ ಮುಂಜಾನೆ ಆತಂದ್ರ ಕೆಂಪ್ ದೀಪ ಹಚ್ಚಿಕೊಂಡು ಕುಂದರ್ತೈತ್ರಿ. ಯಾತ್ರಿಗಳು ಕಿಟಕಿ ತಗೀಲಿಕ್ಕೆ ಒಲ್ಲೆ ಅಂತಾರ. ಅದು ಖರೇ ಹೇಳ್ತೈತೋ, ಸುಳ್ಳೋ?"

ಮರುದಿನ ಅದೇ ಜಾತಿಯ ಇನ್ನೊಂದು ಯಂತ್ರ ಹಿಡಿದು ತಾರಸಿ ಹತ್ತಿದೆ. ಪಕ್ಕದ ಮನೆಯ ಗೋಡೆಯೂ ಕಾಣದಷ್ಟು ಮಂಜು. ಎರಡನ್ನೂ ಅಕ್ಕಪಕ್ಕ ಇಟ್ಟೆ. ಎರಡೂ ಕೆಂಪು.

"ಎರಡೂ ಒಂದ ಮಾತು ಹೇಳಿದ್ವಲ್ರೀ. ಹಂಗಾರ ಖರೇನ."

"ಒಂದೇ ಕಡೆ ತಯಾರಾದವು. ತಪ್ಪಿದರೆ ಎರಡೂ ಸೇರಿಯೇ ತಪ್ಪುತ್ತವೆ," ಎಂದೆ. ಹೇಳಿದ ಮೇಲೆ ನನಗೇ ಕಸಿವಿಸಿಯಾಯಿತು. ಅವು ಬೆಳಕು ಹಾಯಿಸಿ, ಅದನ್ನು ಚದುರಿಸಿದ್ದನ್ನೆಲ್ಲ ಧೂಳೆಂದು ಎಣಿಸುತ್ತವೆ. ಮಂಜಿನ ಹನಿಯೂ ಬೆಳಕನ್ನು ಚದುರಿಸುತ್ತದೆ.

ಪ್ರಯೋಗಾಲಯದಿಂದ ಮಠಕ್ಕೆ ಗಾಳಿ ಎಳೆಯುವ ಪಂಪು ತಂದೆ. ಗೋದೌಲಿಯಾದ ಜನಜಂಗುಳಿಯಲ್ಲಿ ಸೈಕಲ್ ರಿಕ್ಷಾ ಕುಲುಕಿದಾಗಲೆಲ್ಲ ಅದನ್ನು ಮಗುವಿನಂತೆ ತಬ್ಬಿಕೊಂಡಿದ್ದೆ. ಅದರ ಬಾಯಿಗೆ ಬೆಳಿಗ್ಗೆ ಧೂಳು ಹಿಡಿಯುವ ಒಂದು ಬಿಳಿ ಶೋಧಕ ಕಾಗದ, ಮಧ್ಯಾಹ್ನ ಇನ್ನೊಂದು. ಹೀಗೆ ಕೆಲವು ದಿನ. ಕಾಗದಗಳ ತೇವ ಆರಿಸಿ ತೂಗಿದೆವು. ಗಾಳಿಯಲ್ಲಿ ನಿಜವಾಗಿ ಇದ್ದ ಧೂಳಿನ ತೂಕ ಅದು.

ಬೆಳಗಿನ ಧೂಳು ಯಂತ್ರ ಹೇಳಿದ್ದಕ್ಕಿಂತ ಕಡಿಮೆ ಇತ್ತು. ಮಧ್ಯಾಹ್ನದ್ದು ಅದು ಹೇಳಿದ್ದಕ್ಕಿಂತ ಹೆಚ್ಚು. ರಸ್ತೆಯ ದಪ್ಪ ಧೂಳು ಯಂತ್ರದ ಕಣ್ಣಿಗೆ ಸರಿಯಾಗಿ ಬೀಳುತ್ತಲೇ ಇರಲಿಲ್ಲ.

ವ್ಯವಸ್ಥಾಪಕರು ಬೆಳಗಿನದೊಂದು, ಮಧ್ಯಾಹ್ನದ್ದೊಂದು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೊದಲನೆಯದು ಬೂದಿ ಬಣ್ಣ, ಎರಡನೆಯದು ಮಣ್ಣಿನ ಬಣ್ಣ.

"ಮುಂಜಾನೆ ಕಡಿಮಿ ಅಂತೀರಿ. ಇದೂ ಏನು ಬೆಳ್ಳಗಿಲ್ಲಲ್ರೀ?"

"ಇಲ್ಲ. ಕಡಿಮೆ ಅಂದೆ, ಶುದ್ಧ ಅನ್ನಲಿಲ್ಲ."

"ಹಂಗಾರ ಕಿಟಕಿ ಯಾವಾಗ ತಗೀಲಿ?"

ಮಂಜಿನ ದಿನಗಳಿಗೆ ಬೇರೆ ಲೆಕ್ಕ ಕಟ್ಟಿ ಹೇಳುತ್ತೇನೆ, ಅಲ್ಲಿಯವರೆಗೆ ದೀಪ ಆರಿಸಿಬಿಡಿ ಎಂದೆ. ಅವರು ತಲೆಯಾಡಿಸಿದರು, ಸಮಾಧಾನವಾದಂತೆ ಕಾಣಲಿಲ್ಲ.

ಮನೆಯ ಗಲ್ಲಿಗೆ ತಿರುಗಿದಾಗ ಮಧ್ಯಾಹ್ನವಾಗಿತ್ತು. ಕೊಳವೆ ಹಾಕಲು ಅಗೆದಿದ್ದ ಮಣ್ಣಿನ ಗುಡ್ಡೆಯ ಪಕ್ಕದಲ್ಲೇ ಮಗಳು ಬ್ಯಾಡ್ಮಿಂಟನ್ ಆಡುತ್ತಿದ್ದಳು. ನಾನೇ ಆರಿಸಿಕೊಟ್ಟಿದ್ದ ಹೊತ್ತು. ಓಡಿಹೋಗಿ ಕೈ ಹಿಡಿದೆಳೆದೆ.

"ಬೆಳಿಗ್ಗೆ ಬೇಡ ಅಂತೀಯ, ಈಗಲೂ ಬೇಡ ಅಂತೀಯ. ತೋ ಕಬ್ ಖೇಲೂಂ, ಅಮ್ಮಾ?"

ಹಾಗಾದರೆ ಯಾವಾಗ ಆಡಲಿ ಎಂದು ಕೇಳುತ್ತಿದ್ದವಳನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ವಿಶ್ವವಿದ್ಯಾಲಯದ ಮೈದಾನಕ್ಕೆ ಕರೆದೊಯ್ದೆ. ಅಲ್ಲಿ ಮರಗಳಿದ್ದವು, ಅಗೆತ ಇರಲಿಲ್ಲ. ಗಾಳಿ ಹೇಗಿತ್ತೋ, ಅಲ್ಲಿ ನಾವಿನ್ನೂ ಅಳೆದಿರಲಿಲ್ಲ. ಅವಳು ಓಡತೊಡಗಿದಳು. ಬಳಿಗೆ ಬಂದಾಗಲೆಲ್ಲ ಅವಳ ಉಸಿರಿಗೆ ಕಿವಿಗೊಡುತ್ತಾ ನಾನು ಅಂಚಿನಲ್ಲೇ ಅತ್ತಿಂದಿತ್ತ ನಡೆಯುತ್ತಿದ್ದೆ.