ತೊಳೆದು ಕೆಡಿಸಿದ ಗಾಡಿ

ಲಗ್ಗೆರೆಯ ನಮ್ಮ ಬೀದಿಯಲ್ಲಿ ಅಂಜನಮ್ಮನಿಗೆ ತೊಳೆಯುವ ಹುಚ್ಚು ಎಂದರೆ ಅದು ಚಾಡಿಮಾತಲ್ಲ, ಆಕೆಯ ಗಂಡ ಹನುಮಯ್ಯನೇ ಎದುರಿಗೆ ಹಾಗನ್ನುತ್ತಾನೆ. ತೊಳೆದ ತಟ್ಟೆಯನ್ನು ಮತ್ತೊಮ್ಮೆ ತೊಳೆಯುತ್ತಾಳೆ. ಯಾರಾದರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಅವರು ಹೊರಡುವಷ್ಟರಲ್ಲಿ ಅದಕ್ಕೂ ಒಂದು ಚೊಂಬು ನೀರು ಬಿದ್ದಿರುತ್ತದೆ. ಒಂದೇ ಗೋಡೆಯ ಈಚೆ ಬದುಕಿ ಈ ನೀರಿನ ಸದ್ದನ್ನೆಲ್ಲ ಸಹಿಸಿಕೊಂಡವಳು ನಾನು, ಹಾಗಾಗಿ ಆಕೆಯನ್ನು ಆಡಿಕೊಳ್ಳುವ ಹಕ್ಕು ನನಗಿದೆ.

ಈ ಹುಚ್ಚು ಗಾಡಿಗೂ ಹತ್ತಿದ್ದಕ್ಕೆ ಒಂದು ಕಾರಣವಿತ್ತು. 2008ರಲ್ಲಿ ಗಂಡ ಹೆಂಡತಿ ಸೇರಿ ಸಿಮೆಂಟ್ ಸಾಗಿಸುತ್ತಿದ್ದ ಹಳೆಯದೊಂದು ಪಿಕಪ್ ಗಾಡಿ ಕೊಂಡು, ಪೀಣ್ಯದ ಸಣ್ಣ ಸಣ್ಣ ಕಾರ್ಖಾನೆಗಳಿಗೆ ಮಧ್ಯಾಹ್ನದ ಊಟ ಒಯ್ಯಲು ಶುರುಮಾಡಿದರು. ಮುದ್ದೆ, ಅನ್ನ, ಸೊಪ್ಪಿನ ಸಾರು, ಮಜ್ಜಿಗೆ. ಹನುಮಯ್ಯ ಗಾಡಿ ಓಡಿಸುವುದು, ಅಂಜನಮ್ಮ ಹಿಂದಿನ ಬಾಗಿಲು ಇಳಿಸಿ ಬಡಿಸುವುದು. ಮೊದಲ ದಿನವೇ ಒಬ್ಬ ಸೂಪರ್‌ವೈಸರ್ ಒಳಗೆ ಇಣುಕಿ, ಸಿಮೆಂಟ್ ಹೊತ್ತ ಗಾಡಿಯಲ್ಲಿ ತಂದದ್ದನ್ನು ಯಾರು ತಿನ್ನುತ್ತಾರೆ ಎಂದು ಮೂಗು ಮುರಿದು ಹೋದ. ಆ ಮಾತು ಆಕೆಗೆ ಚೆನ್ನಾಗಿ ನಾಟಿತು.

ಮರುದಿನವೇ ಹೋಗಿ, ಮನೆಯ ನೆಲಕ್ಕೆ ಹಾಸುವ ನೀಲಿ ಹೂವಿನ ಪ್ಲಾಸ್ಟಿಕ್ ಹಾಸು ತಂದಳು. ಗಾಡಿಯ ತಳದ ತುಂಬ ಅಂಟು ಬಳಿದು ಅದನ್ನು ಅಂಟಿಸಿ, ಅಂಚಿಗೆಲ್ಲ ಪಟ್ಟಿ ಹೊಡೆಸಿದಳು. ಗಾಡಿಯ ಹಿಂಭಾಗ ಅಡುಗೆಮನೆಯಂತೆ ಕಾಣತೊಡಗಿತು. ದಿನವೂ ಊಟ ಮುಗಿಸಿ ಬಂದ ಮೇಲೆ ಸೋಪಿನ ಪುಡಿ ಎರಚಿ, ಬಕೆಟ್ಟುಗಟ್ಟಲೆ ನೀರು ಸುರಿದು ಉಜ್ಜುವಳು. ಹನುಮಯ್ಯ ಕೈಹಾಕಲು ಬಂದರೆ, ಗಂಡಸರು ತೊಳೆದದ್ದು ತೊಳೆದಂಗಲ್ಲ ಎಂದು ಓಡಿಸುವಳು. ಆಮೇಲೆ ದೂಳು ಕೂರದಿರಲೆಂದು, ಒದ್ದೆಯಾಗಿರುವಾಗಲೇ ಮೇಲೊಂದು ಟಾರ್ಪಾಲು ಬಿಗಿಯುವಳು. ಪೀಣ್ಯದಲ್ಲಿ ಅಂಜನಮ್ಮನ ಗಾಡಿಯಷ್ಟು ಶುದ್ಧವಾದದ್ದು ಇನ್ನೊಂದಿಲ್ಲ ಎಂದು ಹೆಸರಾಯಿತು. ನಿಜಕ್ಕೂ ಅದು ಆಕೆ ದುಡಿದು ಗಳಿಸಿದ ಹೆಸರು.

ಐದು ವರ್ಷ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಅನ್ನದ ಪಾತ್ರೆ ಹೊತ್ತು ಗಾಡಿ ಹತ್ತಿದ ಹನುಮಯ್ಯನ ಬಲಗಾಲು ನೀಲಿ ಹೂಗಳ ನಡುವೆ ಮೊಣಕಾಲಿನವರೆಗೆ ಇಳಿದುಹೋಯಿತು. ಅವನು ಕೂಗಿಕೊಂಡದ್ದು ಕೇಳಿ ನಾನೂ ಓಡಿದೆ. ಪುಣ್ಯಕ್ಕೆ ಕಾಲು ತರಚಿತ್ತಷ್ಟೆ, ಅನ್ನವೂ ಚೆಲ್ಲಿರಲಿಲ್ಲ. ಬಗ್ಗಿ ನೋಡಿದರೆ ಗಾಡಿಯ ತಳದಲ್ಲಿ ರಸ್ತೆ ಕಾಣುತ್ತಿತ್ತು.

ಅಂದಿನ ಊಟವನ್ನು ಬಾಡಿಗೆ ಆಟೋದಲ್ಲಿ ಕಳಿಸಿ, ಗಾಡಿಯನ್ನು ಭರಮಪ್ಪನ ಶೆಡ್ಡಿಗೆ ಒಯ್ದರು, ನಾನೂ ಜೊತೆಗೆ ಹೋದೆ. ಭರಮಪ್ಪ ಗದಗಿನ ಕಡೆಯಿಂದ ಬಂದು ಇಲ್ಲಿ ಗಾಡಿಗಳ ತಗಡು ಕೆಲಸ ಮಾಡುತ್ತಿದ್ದವನು, ಮಾತು ಕಡಿಮೆ. ಪಟ್ಟಿ ಕಿತ್ತು ಹಾಸನ್ನು ಎಳೆದಾಗ ಕೊಳೆತ ಬಾವಿಯ ವಾಸನೆ ಬಂತು. ಹಾಸಿನ ಕೆಳಗೆ ಇನ್ನೂ ನೀರು ನಿಂತಿತ್ತು. ತಗಡು ಹಪ್ಪಳದಂತೆ ಪದರು ಪದರಾಗಿ ಕೈಗೆ ಬರುತ್ತಿತ್ತು. ಇಷ್ಟು ಹೊಲಸು ಎಲ್ಲಿಂದ ಬಂತು ಎಂದು ಅಂಜನಮ್ಮ ಗಂಡನ ಮೇಲೆ ರೇಗಿದಳು.

ಭರಮಪ್ಪ ತಲೆಯೆತ್ತಲಿಲ್ಲ. "ಇದು ಹೊಲಸಿಗೆ ಕೆಟ್ಟಿಲ್ರೀ ಯವ್ವಾ. ನೀವು ತೊಳದ್ ತೊಳದ ಕೆಟ್ಟೈತಿ," ಎಂದ.

ಅಂಚಿನಿಂದ ಇಳಿದ ನೀರಿಗೆ ಹೊರಬರಲು ದಾರಿಯಿರಲಿಲ್ಲ, ಜೊತೆಗೆ ಸಾರು ಮಜ್ಜಿಗೆಯ ಉಪ್ಪು ಬೇರೆ ಸೇರಿತ್ತು ಎಂದು ಅವನು ಬಿಡಿಸಿ ಹೇಳಿದ. ಅಂಜನಮ್ಮ ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಯಾರಾದರೂ ಆಕೆಯನ್ನು ಕಳ್ಳಿ ಎಂದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲವೇನೋ. ನನಗೆ ಅಯ್ಯೋ ಅನ್ನಿಸಿತು.

ಅಡಿಯ ತೊಲೆಗಳು ಗಟ್ಟಿಯಾಗಿದ್ದವು, ಹಾಗಾಗಿ ಗಾಡಿ ಉಳಿಯುತ್ತದೆ ಎಂದ ಭರಮಪ್ಪ. ತುಕ್ಕು ತಿಂದದ್ದನ್ನು ಕತ್ತರಿಸಿ ತೆಗೆದ, ಉಳಿದದ್ದನ್ನು ತಂತಿಯ ಬ್ರಷ್ಷಿನಿಂದ ಉಜ್ಜಿದ. ಆಮೇಲೆ ಏನೂ ಮಾಡದೆ ಗಾಡಿಯನ್ನು ಬಿಸಿಲಿಗೆ ಬಿಟ್ಟ. ಸಂದಿಯ ತೇವ ಆರುವ ತನಕ ಬೆಸುಗೆಯಿಲ್ಲ, ಬಣ್ಣವಿಲ್ಲ. ಅಲ್ಲಿಯವರೆಗೂ ಊಟ ಆಟೋದಲ್ಲೇ ಹೋಯಿತು. ಸುಮ್ಮನೆ ಒಣಗುತ್ತಿರುವ ಗಾಡಿಯನ್ನು ನೋಡಲು ಅಂಜನಮ್ಮ ದಿನಕ್ಕೆರಡು ಸಲ ಹೋಗಿ ಬೈದು ಬರುತ್ತಿದ್ದಳು. ಕೊನೆಗೆ ಹೊಸ ತಗಡಿನ ತೇಪೆ ಕೂತಿತು, ತಗ್ಗಿರುವ ಕಡೆ ನೀರು ಇಳಿಯಲು ತೂತುಗಳಾದವು, ತುಕ್ಕು ತಡೆಯುವ ಕೆಂಪು ಬಣ್ಣ ಬಿತ್ತು.

ಆ ತೇಪೆ, ತೂತು ನೋಡಿ ಆಕೆಯ ಮುಖ ಬಾಡಿತು. ಇದರಲ್ಲಿ ತಂದ ಊಟವನ್ನು ಜನ ಮುಟ್ಟದೆ ಹೋದರೆ ಹೆಸರೂ ಹೋಯಿತು, ಕಸುಬೂ ಹೋಯಿತು. ಮೇಲೊಂದು ಹೊಸ ಹಾಸು ಅಂಟಿಸಿಬಿಡು ಎಂದು ಭರಮಪ್ಪನನ್ನು ಗೋಗರೆದಳು.

"ಮುಚ್ಚಿದ್ರ ಮತ್ತ ಹಿಂಗ ಆಗ್ತೈತ್ರಿ. ಹಾಸು ಬೇಕಂದ್ರ ಬ್ಯಾರೆಯವ್ರ ಕಡೆ ಹಾಕಿಸ್ಕೋರಿ," ಎಂದು ಅವನು ಕೈತೊಳೆಯಲು ಎದ್ದ.

ಮನೆಗೆ ಬಂದು ಆಕೆ ಅತ್ತಳು. ಅಂಗಡಿಗೆ ಹೋಗಿ ಹಾಸಿನ ಸುರುಳಿಯನ್ನು ಮುಟ್ಟಿ ನೋಡಿ ಬರಿಗೈಲಿ ಹಿಂದಿರುಗಿದಳು. ಮುಚ್ಚಿಟ್ಟರೆ ಇನ್ನೈದು ವರ್ಷಕ್ಕೆ ಇನ್ನೊಂದು ಕಾಲು ಇಳಿಯುತ್ತದೆ ಎಂಬುದು ಆಕೆಗೂ ಗೊತ್ತಿತ್ತು. ಮರುದಿನ ಬರಿಯ ತಳದ ಮೇಲೆಯೇ ಪಾತ್ರೆ ಹೇರಿ ಹೊರಟಳು. ಜೊತೆಗಿರಲಿ ಎಂದು ನನ್ನನ್ನೂ ಕರೆದಳು.

ಕಾರ್ಖಾನೆಯ ಗೇಟಿನಲ್ಲಿ ಆಕೆ ಹಿಂದಿನ ಬಾಗಿಲು ಇಳಿಸಿದಳು. ಗಾಡಿಯ ತಳ ತುಕ್ಕು ತಿಂದಿತ್ತು, ತೇಪೆ ಹಾಕಿಸಿದ್ದೇನೆ, ತಿನ್ನುವವರು ತಿನ್ನಿ ಎಂದು ಒಂದೇ ಉಸಿರಿಗೆ ಹೇಳಿದಳು. ತಟ್ಟೆ ಹಿಡಿದು ನಿಂತವರೆಲ್ಲ ಲೇಥ್, ವೆಲ್ಡಿಂಗ್, ಬಣ್ಣದ ಕೆಲಸದವರು. ಅನ್ನ ನೋಡುವುದು ಬಿಟ್ಟು ತಳಕ್ಕೆ ಬಗ್ಗಿದರು. ಬೆಸುಗೆ ಸರಿಯಾಗಿದೆ, ಆ ಮೂಲೆಗೆ ಇನ್ನೊಂದು ತೂತು ಬೇಕಿತ್ತು ಎಂದು ವಾದ ಹತ್ತಿತು. ಯಾದಗಿರಿ ಕಡೆಯ ವೆಲ್ಡರ್ ಈಶಪ್ಪ ಮಾತ್ರ ನೇರ ಆಕೆಯ ಬಳಿ ಬಂದ.

"ಅಕ್ಕಾರ, ತೆಳಗ ಕೆಂಪು ನೀರು ಸೋರೂದು ನಾವು ಹೋದ ಮಳಿಗಾಲದಿಂದ ನೋಡಾಕತ್ತೀವ್ರಿ."

"ನೋಡ್ಕಂಡು ಸುಮ್ಕಿದ್ರಾ? ಒಂದ್ ಮಾತು ಯೋಳ್ಬಾರ್ದಾ?" ಅಂಜನಮ್ಮನ ದನಿ ಏರಿತು.

"ಹೇಳಿದ್ರ ನೀವು ನಾಚಿ ಬರೂದು ಬಿಟ್ರ ಹೆಂಗಂತ ಅಂಜಿದ್ವಿರಿ," ಎಂದ ಈಶಪ್ಪ, ತಟ್ಟೆ ನೋಡುತ್ತ. "ಈ ಊರಾಗ ನಮಗ ಬಡ್ಸಿ, ಸಾಕೇನೋ ಅಂತ ಕೇಳಾವ್ರು ನೀವೊಬ್ರ."

ಅಂಜನಮ್ಮ ಕಣ್ಣು ತುಂಬಿ ಬಂದದ್ದನ್ನು ಸಾರಿನ ಹಬೆಯ ಮೇಲೆ ಹಾಕಿ, ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ಮುದ್ದೆ ಇಟ್ಟಳು.

ಊಟ ಮುಗಿದ ಮೇಲೆ ಆಕೆ ಚೆಲ್ಲಿದ್ದನ್ನು ಒರೆಸಲು ಬಟ್ಟೆ ಹುಡುಕುತ್ತಿದ್ದಾಗ ಈಶಪ್ಪ ಒಳಗಿನಿಂದ ಕಂಪ್ರೆಸರಿನ ಗಾಳಿ ಪೈಪನ್ನು ಗೇಟಿನವರೆಗೂ ಎಳೆದು ತಂದ. ಎರಡು ಚೊಂಬು ನೀರು ಸಾಕು, ಉಳಿದದ್ದು ಗಾಳಿಯೇ ಮಾಡುತ್ತದೆ, ಇನ್ನು ಇದು ದಿನಾ ನಮ್ಮ ಕೆಲಸ ಎಂದ. ಸಂದಿಸಂದಿಯಿಂದ ನೀರು ಚಿಮ್ಮಿ ತಳ ಒಣಗುತ್ತಾ ಬಂತು. ಎಡಗಡೆ ಮೂಲೆ ಬಿಟ್ಟುಹೋಯಿತು ಎಂದು ಅಂಜನಮ್ಮ ಒಂದು ಸಲ ಗದರಿದಳು. ಆಮೇಲೆ ಗಾಡಿಯನ್ನು ಅವರ ಕೈಗೆ ಬಿಟ್ಟು, ನೆರಳಿನಲ್ಲಿ ನನ್ನ ಪಕ್ಕ ಕುಳಿತು ಊಟ ಮಾಡಿದಳು.